ಅಪ್ಪನಿಗೆ ಬಿಪಿ ಬಂದಿದೆ, ಊಟದಲ್ಲಿ ಉಪ್ಪು ಕಡಿಮೆ ಮಾಡುವುದು ಹೇಗೆ?

ಗುಮ್ಮಟದೂರಿನವ, ವಿಜಯಪುರ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 58 ವರ್ಷ, ಕಿರಾಣಿ ಅಂಗಡಿ ಇದೆ. ಹೋದ ತಿಂಗಳು ತಲೆ ಭಾರ ಅಂದರು, ತೋರಿಸಿದರೆ ಬಿಪಿ 160/100. ಡಾಕ್ಟರ್ ಗುಳಿಗೆ ಬರೆದುಕೊಟ್ಟು ಉಪ್ಪು ಕಡಿಮೆ ಮಾಡಿ ಅಂದರು, ಅಷ್ಟೇ. ಎಷ್ಟು, ಹೇಗೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಶಂಟ್ ಒಳಗೆ ಬಂದಾಗಿತ್ತು. ಅವ್ವ ಅವತ್ತೇ ಅಪ್ಪನಿಗೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಬೇಳೆ ಮಾಡಿದಳು. ಅಪ್ಪ ಎರಡು ತುತ್ತು ತಿಂದು ಬಟ್ಟಲು ಸರಿಸಿಬಿಟ್ಟರು. ಆಮೇಲೆ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು ರೊಟ್ಟಿ ತಿಂದರು, ಜೊತೆಗೆ ಕರಿದ ಮಜ್ಜಿಗೆ ಮೆಣಸಿನಕಾಯಿ ನಾಲ್ಕು. ಈಗ ದಿನಾ ಇದೇ ಜಗಳ. ಸೈಂಧವ ಉಪ್ಪು ತಂದರೆ ಎಲ್ಲ ಸರಿಹೋಗುತ್ತದೆ ಅಂತ ಕಾಕಾ ಹೇಳುತ್ತಾರೆ. ಖರೇನಾ? ನಾನು ಅಂಗಡಿಯಿಂದ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ಕೂಡ ತಂದಿಟ್ಟಿದ್ದೇನೆ, ಇನ್ನೂ ಒಡೆದಿಲ್ಲ. ಯಾರಾದರೂ ಮನೆಯಲ್ಲಿ ಮಾಡಿ ನೋಡಿದವರು ಹೇಳಿ.

ಇಳಕಲ್ ಸೊಸೆ:
ತಮ್ಮಾ, ಮೊದಲು ಆ ಬೇರೆ ಪಾತ್ರೆ ನಿಲ್ಲಿಸಿ. ನಮ್ಮ ಮಾವನವರಿಗೆ ಬಿಪಿ ಬಂದಾಗ ನಾನೂ ಅದನ್ನೇ ಮಾಡಿದ್ದೆ. ಒಬ್ಬರಿಗೇ ಸಪ್ಪಗಿನದು ಬಡಿಸಿದರೆ ಅವರಿಗೆ ತಾವು ರೋಗಿ ಅನ್ನಿಸಿಬಿಡುತ್ತದೆ, ಊಟದ ಮೇಲಿನ ಮನಸ್ಸೇ ಹೋಗುತ್ತದೆ. ಇಡೀ ಮನೆಗೇ ಕಡಿಮೆ ಮಾಡಿ, ಆದರೆ ನಿಧಾನವಾಗಿ.

ನಾನು ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಕು ಬರೆದಿಟ್ಟೆ. ನಾವು ನಾಲ್ಕು ಜನ. ಒಂದು ಕಿಲೋ 24 ದಿನಕ್ಕೆ ಖಾಲಿ! ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 10 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ, ಅಂದರೆ ಮಟ್ಟಸ ಮಾಡಿದ ಒಂದು ಟೀ ಚಮಚ, ಅದೂ ಉಪ್ಪಿನಕಾಯಿ, ಹಪ್ಪಳ, ಹೊರಗಿನ ತಿಂಡಿ ಎಲ್ಲಾ ಹಿಡಿದು. ಆ ಲೆಕ್ಕದಲ್ಲಿ ನಮಗೆ ಒಂದು ಕಿಲೋ ಕಮ್ಮಿ ಅಂದರೂ 50 ದಿನ ಬರಬೇಕಿತ್ತು.

ಅವತ್ತಿನಿಂದ ಕೈಯಲ್ಲಿ ಉಪ್ಪು ಹಾಕುವುದು ಬಿಟ್ಟೆ, ಡಬ್ಬಿಯಲ್ಲಿ ಒಂದು ಸಣ್ಣ ಚಮಚ ಇಟ್ಟೆ. ಬೇಳೆಗೆ ಹಾಕುವ ಮೊದಲು ಚಮಚದಲ್ಲಿರುವ ಉಪ್ಪಿನಲ್ಲಿ ಕಾಲು ಭಾಗ ಬೆರಳಿನಿಂದ ಸರಿಸಿ ವಾಪಸ್ ಡಬ್ಬಿಗೆ ಹಾಕುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಎರಡು ವಾರ ಬಿಟ್ಟು ಇನ್ನಷ್ಟು ಕಮ್ಮಿ. ಒಂದೆರಡು ತಿಂಗಳಲ್ಲಿ ನಾಲಿಗೆ ಹೊಂದಿಕೊಂಡಿತು, ಈಗ ಮಾವನವರೇ ಮದುವೆ ಊಟ ಮಾಡಿ ಬಂದರೆ ಬಹಳ ಉಪ್ಪಿತ್ತು ಅನ್ನುತ್ತಾರೆ.

ಇನ್ನೊಂದು ಮಾತು. ನಮ್ಮ ಕಡೆ ಜೋಳದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ, ಅರ್ಧ ಊಟ ಆಗಲೇ ಉಪ್ಪಿಲ್ಲದ್ದು. ಬೇಳೆಯಲ್ಲಿ ಉಳಿಸಿದ್ದನ್ನು ತಟ್ಟೆಯ ಅಂಚಿನಲ್ಲಿ ಇರುವುದು ತಿಂದುಹಾಕುತ್ತದೆ: ಹಿಂಡಿ, ರಂಜಕ, ಉಪ್ಪಿನಕಾಯಿ, ಸಂಡಿಗೆ. ನಿಮ್ಮ ಅಪ್ಪ ಅವತ್ತು ತಿಂದದ್ದೇ ಅದು, ಅಲ್ವಾ? ಹಿಂಡಿ ಕುಟ್ಟುವಾಗ ಉಪ್ಪು ಅರ್ಧ ಮಾಡಿ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆಹಣ್ಣು ಜಾಸ್ತಿ ಹಾಕಿ. ಪುಂಡಿ ಪಲ್ಯ ತಾನೇ ಹುಳಿ ಇರುತ್ತದೆ, ಉಪ್ಪು ಕಮ್ಮಿಯಾದರೂ ನಡೆಯುತ್ತದೆ. ಉಪ್ಪಿನಕಾಯಿಗೆ ಮಾತ್ರ ಉಪ್ಪು ಕಡಿಮೆ ಮಾಡಲು ಹೋಗಬೇಡಿ, ಬೂಸು ಬರುತ್ತದೆ. ಅದನ್ನು ದಿನಾ ತಟ್ಟೆಗೆ ಹಾಕುವ ಬದಲು ಅಪರೂಪಕ್ಕೆ ಒಂದು ಹೋಳು ಸಾಕು. ಆ ಜಾಗದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಹಕ್ಕರಕಿ ಇಡಿ, ಮೇಲೆ ಉಪ್ಪು ಉದುರಿಸದೆ.

ಗೋಕಾಕದ ಸಿಸ್ಟರ್:
ಅಕ್ಕಾರು ಹೇಳಿದ್ದು ಸರಿ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಪಾರ್ಶ್ವವಾಯು ಹೊಡೆದು ಬಂದವರ ಮನೆಯವರು ಬಿಪಿ ಇರುವುದೇ ಗೊತ್ತಿರಲಿಲ್ಲ ಅಂದಾಗ ಹೊಟ್ಟೆ ಉರಿಯುತ್ತದೆ. ನೀವು ಹೊತ್ತಿಗೆ ಮೊದಲೇ ತೋರಿಸಿದ್ದೀರಿ, ಒಳ್ಳೆಯದಾಯಿತು.

ಸೈಂಧವ ಉಪ್ಪಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಸೋಡಿಯಂ ಇರುತ್ತದೆ. ಬಿಪಿ ಏರಿಸುವುದು ಆ ಸೋಡಿಯಂ, ಅದು ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಮೇಲೆ ಒತ್ತಡ ಬೀಳುತ್ತದೆ. ಅದರ ಮೇಲೆ, ಅಯೋಡಿನ್ ಸೇರಿಸದ ಸೈಂಧವ ಉಪ್ಪನ್ನೇ ದಿನಾ ಬಳಸಿದರೆ ಅಯೋಡಿನ್ ಕೂಡ ಸಿಗುವುದಿಲ್ಲ.

ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ಮಾತ್ರ ಈಗಲೇ ಒಡೆಯಬೇಡಿ. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಅದು ಕೆಟ್ಟದ್ದಲ್ಲ, ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಮತ್ತು ಮಾಮೂಲಿ ಉಪ್ಪು ಹೋಲಿಸಿ ನೋಡಿದಾಗ ಪಾರ್ಶ್ವವಾಯು 14% ಕಡಿಮೆಯಾಗಿತ್ತು, 2021ರಲ್ಲಿ ಅದರ ಫಲಿತಾಂಶ ಬಂತು. ಆದರೆ ಕಿಡ್ನಿ ತೊಂದರೆ ಇದ್ದವರಿಗೆ, ಮತ್ತು ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್ ತರಹದ ಗುಳಿಗೆ ತಗೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಚೀಟಿ ನೋಡಿ, ಡಾಕ್ಟರನ್ನು ಕೇಳಿ.

ಅಂಗಡಿಯಲ್ಲಿ ಕೂತು ಪ್ಯಾಕೆಟ್ ಖಾರ ತಿನ್ನುತ್ತಿದ್ದರೆ ಅದರ ಹಿಂದೆ ಬರೆದ ಸೋಡಿಯಂ ಮಿಲಿಗ್ರಾಂ ನೋಡಿ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತದೆ. ಮಿರ್ಚಿ ಭಜಿಗೆ ಹಾಕುವ ಸೋಡಾ ಕೂಡ ಸೋಡಿಯಂ ಅಂತ ನೆನಪಿರಲಿ. ಉಪ್ಪು ಕಮ್ಮಿ ಮಾಡಿದೆವು ಅಂತ ಗುಳಿಗೆ ಮಾತ್ರ ತಾವಾಗಿಯೇ ಬಿಡಬಾರದು.

ಬಾದಾಮಿ ರೈತ:
ನನ್ನದೊಂದು ಅನುಮಾನ. ಬ್ಯಾಸಿಗೆಯಲ್ಲಿ ದಿನವಿಡೀ ಹೊಲದಲ್ಲಿ ಬೆವರು ಸುರಿಸುವವರಿಗೆ ಉಪ್ಪು ಬೇಕಲ್ವಾ? ನಾವು ಮಜ್ಜಿಗೆಗೆ ಉಪ್ಪು ಹಾಕಿಕೊಂಡೇ ಕುಡಿಯುತ್ತೇವೆ.

ಗೋಕಾಕದ ಸಿಸ್ಟರ್:
ಅಣ್ಣಾ, ಅಷ್ಟು ಬೆವರುವವರ ಲೆಕ್ಕ ಬೇರೆ, ನಿಮ್ಮ ಮಜ್ಜಿಗೆಗೆ ನಾನು ಅಡ್ಡ ಬರುವುದಿಲ್ಲ. ಆದರೂ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಳ್ಳಿ, ಅದು ಏರಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಗುಮ್ಮಟದೂರಿನವ, ವಿಜಯಪುರ:
ಸಿಸ್ಟರ್, ಚೀಟಿ ತೆಗೆದು ನೋಡಿದೆ, ಟೆಲ್ಮಿಸಾರ್ಟನ್ 40 ಅಂತಲೇ ಇದೆ. ಎದೆ ಝಲ್ ಅಂತು. ಪ್ಯಾಕೆಟ್ ವಾಪಸ್ ಅಂಗಡಿಗೆ ಒಯ್ದಿಟ್ಟೆ, ಸೋಮವಾರ ಡಾಕ್ಟರನ್ನು ಕೇಳುತ್ತೇನೆ. ಅಕ್ಕಾರ, ನಿಮ್ಮ ಮೆಸೇಜ್ ಅವ್ವನಿಗೆ ಓದಿ ಹೇಳಿದೆ, ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆದಾಯಿತು. ಆದರೆ ಹೋದ ವಾರವಷ್ಟೇ ಕುಟ್ಟಿದ ಶೇಂಗಾ ಹಿಂಡಿ ಡಬ್ಬಿ ತುಂಬ ಇದೆ, ಚೆಲ್ಲಲು ಮನಸ್ಸಿಲ್ಲ, ಏನು ಮಾಡಲಿ ಅಂತ ಕೇಳುತ್ತಿದ್ದಾಳೆ.

ಇಳಕಲ್ ಸೊಸೆ:
ಯಾಕೆ ಚೆಲ್ಲಬೇಕು! ಅಷ್ಟೇ ಶೇಂಗಾ ಹುರಿದು, ಸಿಪ್ಪೆ ತೆಗೆದು, ಬೆಳ್ಳುಳ್ಳಿ ಖಾರ ಹಾಕಿ ಉಪ್ಪಿಲ್ಲದೆ ಕುಟ್ಟಿ, ಅದರಲ್ಲೇ ಚೆನ್ನಾಗಿ ಬೆರೆಸಿಬಿಡಿ.