ನ್ಯೂಯಾರ್ಕಿನ ಏಂಜಲ್ ಒರೆನ್ಸಾನ್ಸ್ ಸೆಂಟರ್ ಮೊದಲು ಸಿನಗಾಗ್ ಆಗಿತ್ತಾ?

ಅಲೆಮಾರಿ: ನಾರ್ಫೋಕ್ ಸ್ಟ್ರೀಟಿನ ಈ ಕಟ್ಟಡ ಹೊರಗಿನಿಂದ ಥೇಟ್ ಚರ್ಚಿನ ಹಾಗೆ ಕಾಣುತ್ತದೆ. ಯಹೂದಿಗಳ ಪ್ರಾರ್ಥನಾ ಮಂದಿರ ಆಗಿತ್ತಂತೆ, ನಿಜಾನಾ?

ಹಳೇಗೋಡೆ: ನಿಜ. ಜರ್ಮನ್ ಯಹೂದಿಗಳು 1849ರಲ್ಲಿ ಕಟ್ಟಿಸಿದ್ದು. ವಾಸ್ತುಶಿಲ್ಪಿ ಅಲೆಕ್ಸಾಂಡರ್ ಸೆಲ್ಟ್ಸರ್ ಗಾಥಿಕ್ ಶೈಲಿ ಆರಿಸಿಕೊಂಡರು, ಅದಕ್ಕೇ ಆ ಚೂಪು ಕಮಾನುಗಳು. ನಗರದಲ್ಲಿ ಸಿನಗಾಗ್ ಅಂತಲೇ ಕಟ್ಟಿ ಇವತ್ತಿಗೂ ಉಳಿದಿರುವ ಕಟ್ಟಡಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಪಕ್ಕದಬೀದಿ: ಆಮೇಲಿನ ಕಥೆ ಬೇಜಾರಿನದು. ಯಹೂದಿ ಕುಟುಂಬಗಳು ಬೇರೆ ಬಡಾವಣೆಗಳಿಗೆ ಹೋಗುತ್ತಾ ಹೋದ ಹಾಗೆ ಪ್ರಾರ್ಥನೆಗೆ ಬರುವವರು ಕಡಿಮೆಯಾಗಿ, 1970ರ ದಶಕದಲ್ಲಿ ಬೀಗ ಬಿತ್ತು, ಕಟ್ಟಡ ಹಾಳು ಬಿತ್ತು. 1986ರಲ್ಲಿ ಸ್ಪೇನಿನ ಶಿಲ್ಪಿ ಏಂಜಲ್ ಒರೆನ್ಸಾನ್ಸ್ ಕೊಂಡುಕೊಂಡು ಸ್ಟುಡಿಯೋ ಮಾಡಿಕೊಂಡರು. ಸಂಗೀತ, ಕಲಾಪ್ರದರ್ಶನ, ಮದುವೆ ಎಲ್ಲ ಶುರುವಾಗಿದ್ದು ಆಮೇಲೆ.

ಅಲೆಮಾರಿ: ಥ್ಯಾಂಕ್ಸ್! ಸರ್ಕಾರ ಅಲ್ಲ, ಒಬ್ಬ ಕಲಾವಿದ ಉಳಿಸಿದ್ದು, ಅದೇ ದೊಡ್ಡ ವಿಷಯ ಅಲ್ವಾ.