ಸಕ್ಕರೆ ಹಾಕಿದ್ದೇ ನೀಲಿ ಉಳಿಯಿತು: ಬೆನೆಡಿಕ್ಟ್ ಟೆಸ್ಟ್ ಮಾಡಿಸಿ ಅಭ್ಯಾಸ ಇರುವವರು ಹೇಳಿ

ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಒಂಬತ್ತನೇ ಕ್ಲಾಸಿಗೆ ಬೆನೆಡಿಕ್ಟ್ ಟೆಸ್ಟ್ (ಬೆನೆಡಿಕ್ಟ್ ಎಂಬ ನೀಲಿ ದ್ರಾವಣದ ಜೊತೆ ಬಿಸಿ ಮಾಡಿ, ಬಣ್ಣ ನೋಡಿ ಗ್ಲೂಕೋಸಿನಂಥ ಸಕ್ಕರೆ ಇದೆಯೇ ತಿಳಿಯುವುದು) ಮಾಡಿಸಿದೆ. ಒಂದು ಟ್ಯೂಬ್ ಉಕ್ಕಿ ನನ್ನ ಸೀರೆ ಮೇಲೆ ಬಿತ್ತು. ಒಂದೇ ಗ್ಲೂಕೋಸ್ ಕೆಲವರಿಗೆ ಹಸಿರು, ಕೆಲವರಿಗೆ ಇಟ್ಟಿಗೆ ಕೆಂಪು. ಅಡುಗೆಮನೆ ಸಕ್ಕರೆ ಮಾತ್ರ ನೀಲಿ. "ಟೀಚರ್, ಸಕ್ಕರೆಯಲ್ಲಿ ಸಕ್ಕರೆಯೇ ಇಲ್ಲ!" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಮುಂದಿನ ವಾರ ಇನ್ನೊಂದು ಸೆಕ್ಷನ್ ಉಂಟು. ಎಂತ ಮಾಡುವುದು?

ಉತ್ತರ (ಮಂಗಳೂರು, ಪಿಯು ಉಪನ್ಯಾಸಕ):
ನಿಮ್ಮ ಸಕ್ಕರೆ ಪಾಸಾಗಿದೆ ಮೇಡಂ, ನೀಲಿಯೇ ಸರಿ. ದ್ರಾವಣದಲ್ಲಿ ಇರುವುದು ಮೈಲುತುತ್ತ. ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು, ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಅದೇ. ಅದರ ತಾಮ್ರವನ್ನು ಗ್ಲೂಕೋಸ್, ಫ್ರಕ್ಟೋಸ್ ಎರಡೂ ಕೆಂಪು ಆಕ್ಸೈಡ್ ಮಾಡುತ್ತವೆ. ನಮ್ಮ ಸಕ್ಕರೆ ಅಂದರೆ ಅವೆರಡೂ ಕೂಡಿಕೊಂಡದ್ದು. ಆದರೆ ತಾಮ್ರದ ಜೊತೆ ಕೆಲಸ ಮಾಡಬೇಕಾದ ತುದಿಯಲ್ಲೇ ಅವು ಕೂಡಿಕೊಂಡಿವೆ. ಬಿಡಿಸಿದರೆ ಬಣ್ಣ ಬರುತ್ತದೆ. ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಹಾಕಿ ಕುದಿಸಿ, ತಣಿಸಿ, ಅಡುಗೆ ಸೋಡ ಚಿಟಿಕೆ ಚಿಟಿಕೆ ಹಾಕಿ. ನೊರೆ ನಿಂತ ಮೇಲೆ ಬೆನೆಡಿಕ್ಟ್ ಹಾಕಿ ಮತ್ತೆ ಬಿಸಿ ಮಾಡಿ. ಈ ಟೆಸ್ಟಿಗೆ ಕ್ಷಾರ ಬೇಕು, ಆಸಿಡ್ ಉಳಿದರೆ ಕೆಡುತ್ತದೆ. ನಾನು ಮೊದಲನೇ ವರ್ಷ ಸೋಡ ಮರೆತು ಇಡೀ ಬ್ಯಾಚಿಗೆ ನೀಲಿ ತೋರಿಸಿದವನು. ಹುಡುಗರು ಪಾಪ, ಸುಮ್ನೆ ಬರೆದುಕೊಂಡರು.

ಉತ್ತರ (ಲ್ಯಾಬ್ ಅಟೆಂಡರ್, ಉಡುಪಿ):
ಬೆಂಕಿಗೆ ನೇರ ಹಿಡಿದದ್ದಲ್ವಾ ಮೇಡಂ? ಹಾಗೆ ಹಿಡಿದರೆ ಉಕ್ಕದೆ ಇರುತ್ತದಾ ಮಾರಾಯ್ರೆ. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಎಲ್ಲಾ ಟ್ಯೂಬ್ ಒಟ್ಟಿಗೆ ಅದರಲ್ಲಿ ನಿಲ್ಲಿಸಿ, ಐದು ನಿಮಿಷ. ಬಣ್ಣ ಬೇರೆ ಬೇರೆ ಬಂದದ್ದು ಅಳತೆಯಿಂದ. ಗ್ಲೂಕೋಸ್ ಕಡಿಮೆ ಇದ್ದರೆ ಹಸಿರು, ಜಾಸ್ತಿ ಆದ ಹಾಗೆ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು. ಎಲ್ಲರಿಗೂ 2 ಮಿಲಿ ಬೆನೆಡಿಕ್ಟ್, 8 ಹನಿ ಸ್ಯಾಂಪಲ್, ಒಂದೇ ನಮೂನೆಯ ಡ್ರಾಪರ್. ಒಂದು ಟ್ಯೂಬಿಗೆ ಸ್ಯಾಂಪಲ್ ಬದಲು ಬರೀ ನೀರು ಹಾಕಿ ಹೋಲಿಸಲು ಇಡಿ.

ದ್ರಾವಣ ನಾನೇ ಮಾಡುವುದು. ಲೀಟರಿಗೆ ಸೋಡಿಯಂ ಸಿಟ್ರೇಟ್ 173 ಗ್ರಾಂ, ಸೋಡಿಯಂ ಕಾರ್ಬೊನೇಟ್ 100 ಗ್ರಾಂ, ಕಾಪರ್ ಸಲ್ಫೇಟ್ 17.3 ಗ್ರಾಂ. ಕಾಪರ್ ಸಲ್ಫೇಟ್ ಬೇರೆ ನೀರಿನಲ್ಲಿ ಕರಗಿಸಿ ಕೊನೆಗೆ ನಿಧಾನ ಸೇರಿಸಬೇಕು. ಇದೇ ಕೆಲಸದ ಇನ್ನೊಂದು ದ್ರಾವಣ ಫೆಹ್ಲಿಂಗ್ ಬೇಡ. ಅದರ ಎ, ಬಿ ಎರಡು ಭಾಗಗಳನ್ನೂ ಟೆಸ್ಟ್ ಮಾಡುವ ಹೊತ್ತಿಗೇ ಬೆರೆಸಬೇಕು. ಮತ್ತೆ ನಮ್ಮ ಜೂನ್ ಮಳೆಗೆ ಅದಕ್ಕೆ ಬೇಕಾದ ಕಾಸ್ಟಿಕ್ ಸೋಡದ ಡಬ್ಬಿ ತೆರೆದರೆ ಒಳಗೆ ಪಾಯಸ.

ಉತ್ತರ (ಹೈಸ್ಕೂಲ್ ಟೀಚರ್, ಮಂಗಳೂರು):
ಗ್ಲೂಕೋಸ್ ಪುಡಿ ಒಂದೇ ಕೊಟ್ಟರೆ ಮಕ್ಕಳಿಗೆ ಬೋರು. ಮನೆಯಿಂದ ತರಿಸಿ. ಬೊಂಡದ ನೀರು ಚೆನ್ನಾಗಿ ಬಣ್ಣ ಕೊಡುತ್ತದೆ. ಬಲಿತ ತೆಂಗಿನಕಾಯಿಯ ನೀರನ್ನೂ ಪಕ್ಕದಲ್ಲಿ ಇಡಿ: ಕಾಯಿ ಬಲಿತಂತೆ ಗ್ಲೂಕೋಸ್, ಫ್ರಕ್ಟೋಸ್ ಕಡಿಮೆಯಾಗಿ ಸುಕ್ರೋಸ್ (ಅಡುಗೆಮನೆ ಸಕ್ಕರೆ) ಪಾಲು ಏರುತ್ತದೆ. ಬೆಲ್ಲವೂ ಕೆಂಪಾಗುತ್ತದೆ, ಆದರೆ ತೆಳು ಮಾಡದಿದ್ದರೆ ಅದರ ಸ್ವಂತ ಬಣ್ಣವೇ ಮುಚ್ಚಿಬಿಡುತ್ತದೆ. ಗೇರುಹಣ್ಣು ತಂದರೆ ಜಾಗ್ರತೆ. ಅದರಲ್ಲಿ ವಿಟಮಿನ್ ಸಿ ಜಾಸ್ತಿ, ಅದೂ ಈ ಟೆಸ್ಟಿಗೆ ಬಣ್ಣ ಕೊಡುತ್ತದೆ.

ನನಗೆ ಇಷ್ಟದ್ದು ಕುಚ್ಚಲಕ್ಕಿ ಅನ್ನ. ಗಂಜಿ ತಿಳಿ ನೀಲಿಯೇ ಉಳಿಯುತ್ತದೆ. ಅದೇ ಅನ್ನವನ್ನು ಲ್ಯಾಬಿನ ಹೊರಗೆ ಒಬ್ಬನಿಗೆ ಚೆನ್ನಾಗಿ ಅಗಿಯಲು ಹೇಳಿ, ಕಪ್ಪಿಗೆ ಉಗುಳಿಸಿ, ಹತ್ತು ನಿಮಿಷ ಬಿಟ್ಟು ಟೆಸ್ಟ್ ಮಾಡಿ. ಜೊಲ್ಲು ಅನ್ನದ ಪಿಷ್ಟವನ್ನು ಮಾಲ್ಟೋಸ್ ಎಂಬ, ಬಣ್ಣ ಕೊಡುವ ಸಕ್ಕರೆ ಮಾಡಿರುತ್ತದೆ.

ಉತ್ತರ (ನಿವೃತ್ತ, ಉಡುಪಿ):
ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಸ್ಪಿರಿಟ್ ದೀಪದಲ್ಲಿ ಮೂತ್ರಕ್ಕೆ ಇದೇ ಟೆಸ್ಟ್. ನೀಲಿ ಬಂದ ದಿನ ಮಧ್ಯಾಹ್ನ ಒಂದು ಹೋಳಿಗೆ ಕೇಳುತ್ತಿದ್ದರು.

ಪ್ರಶ್ನೆ ಕೇಳಿದವಳು:
ಇವತ್ತು ಮಾಡಿಸಿದೆ. ಒಂದೂ ಉಕ್ಕಲಿಲ್ಲ. ಕೂಗಿದವನನ್ನೇ ಈ ಸೆಕ್ಷನ್‌ಗೂ ಕರೆಸಿ ಅನ್ನ ಅಗಿಯಲು ಕೂರಿಸಿದೆ. ಹಸಿರು ಮಿಶ್ರಿತ ಹಳದಿ ಬಂತು, ಅವನಿಗೆ ಗರ್ವವೋ ಗರ್ವ. ಆದರೆ ಟ್ಯೂಬಿನ ಒಳಗೆ ಕೆಂಪು ಅಂಟಿಕೊಂಡಿದೆ, ಬ್ರಷ್ ಹಾಕಿ ಸಾಕಾಯ್ತು.

ಲ್ಯಾಬ್ ಅಟೆಂಡರ್:
ಹುಣಸೆಹುಳಿ ಕಿವುಚಿ ಹಾಕಿಡಿ ಮೇಡಂ. ತಾಮ್ರದ ಹಂಡೆ ತಿಕ್ಕುವುದು ಅದರಲ್ಲೇ ಅಲ್ವಾ.