ಬೀಗ ಹಾಕಿದ ಆಫೀಸಿನಿಂದ ಲೈನು ಡಯಲ್ ಮಾಡುವವರು ಯಾರು?

(ವಿಂಡೋಸ್ 2000 ಕಾಲದ ಪ್ರಶ್ನೋತ್ತರ. ದೂರದ ಊರಿನ ಎಸ್‌ಟಿಡಿ ಕಾಲ್‌ಗೆ ಪಲ್ಸ್ ಲೆಕ್ಕದ ಬಿಲ್ಲು, ರಾತ್ರಿ ಕಡಿಮೆ ದರ ಎಲ್ಲ ಆಗಿನ ಮಾತು.)

ಪ್ರಶ್ನೆ: ಸರ್, ಹೆಡ್ ಆಫೀಸು ಬೆಂಗಳೂರಿನಲ್ಲಿ, ಬ್ರಾಂಚು ಹುಬ್ಬಳ್ಳಿಯಲ್ಲಿ. ಎರಡೂ ಕಡೆ ವಿಂಡೋಸ್ 2000 ಸರ್ವರ್, ಎರಡೂ ಡೊಮೇನ್ ಕಂಟ್ರೋಲರ್ (ಲಾಗಿನ್ ನೋಡಿಕೊಳ್ಳುವ ಸರ್ವರ್). ನಡುವೆ ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನು), ಬೇಕಾದಾಗ ತಾನೇ ಡಯಲ್ ಮಾಡಿಕೊಳ್ಳುವ ಹಾಗೆ ಇಟ್ಟಿದ್ದೇವೆ. ನಮಗೆ ಬೇಕಿರುವುದು ಸಂಜೆ ಸ್ಟಾಕ್ ಫೈಲು ಕಳಿಸುವುದು, ಒಂದಷ್ಟು ಮೇಲ್, ಅಷ್ಟೇ. ಆದರೆ ಭಾನುವಾರವೂ ಲೈನು ಡಯಲ್ ಆಗಿದೆ. ಬಿಲ್ಲು ಹಿಡಿದುಕೊಂಡು ಅಕೌಂಟ್ಸ್‌ನವರು ನನ್ನ ಹತ್ತಿರ ಬರ್ತಿದ್ದಾರೆ. ಐಡಲ್ ಟೈಮ್ (ಡೇಟಾ ಓಡದಿದ್ದರೆ ಎಷ್ಟು ಹೊತ್ತಿಗೆ ಲೈನು ಕಟ್ಟಾಗಬೇಕು ಎಂಬುದು) ಇಳಿಸಿದರೆ ಸಾಕೇ?

ಉತ್ತರ: ಸಾಲದು. ಬಿಲ್ಲು ಇನ್ನೂ ಏರಲೂಬಹುದು. ಎಸ್‌ಟಿಡಿ ಲೆಕ್ಕ ಪಲ್ಸಿನದು, ಅಂದರೆ ಕಾಲ್‌ನ ಹೊತ್ತನ್ನು ತುಂಡು ತುಂಡಾಗಿ ಎಣಿಸುವುದು. ಅರ್ಧ ಪಲ್ಸ್ ಬಳಸಿದರೂ ದುಡ್ಡು ಪೂರ್ತಿಯದು. ಬೇಗ ಕಟ್ಟಾಗಿ ಮತ್ತೆ ಮತ್ತೆ ಡಯಲ್ ಆದರೆ ಪ್ರತಿ ಸಲ ಹೊಸ ಪಲ್ಸ್.

ನನ್ನ ಅನುಮಾನ ಆಕ್ಟಿವ್ ಡೈರೆಕ್ಟರಿ ಮೇಲೆ; ಅದು ಯೂಸರ್, ಪಿಸಿಗಳ ಪಟ್ಟಿ, ಎರಡೂ ಸರ್ವರ್ ಅದರ ಪ್ರತಿಯನ್ನು ಒಂದಕ್ಕೊಂದು ಹೊಂದಿಸಿಕೊಳ್ಳುತ್ತವೆ (ಇದೇ ರೆಪ್ಲಿಕೇಶನ್). ನೀವು ಅದರಲ್ಲಿ ಎರಡು ಊರಿಗೆ ಸೈಟ್ (ಒಂದು ಜಾಗದ ಗುಂಪು) ಬೇರೆ ಮಾಡಿರಲಿಕ್ಕಿಲ್ಲ. ಎರಡೂ ಸರ್ವರ್ ಒಂದೇ ಸೈಟಿನಲ್ಲಿದ್ದರೆ ಅವು ಒಂದೇ ಕಟ್ಟಡದಲ್ಲಿವೆ ಎಂದೇ ವಿಂಡೋಸ್ ತಿಳಿಯುತ್ತದೆ. ಏನೇ ಬದಲಾದರೂ 5 ನಿಮಿಷದಲ್ಲಿ ಸುದ್ದಿ ಮುಟ್ಟಿಸುತ್ತದೆ, ಏನೂ ಬದಲಾಗದಿದ್ದರೂ ಗಂಟೆಗೊಮ್ಮೆ ವಿಚಾರಿಸುತ್ತದೆ. ಹುಬ್ಬಳ್ಳಿಗೆ ಬೇರೆ ಸೈಟ್ ಮಾಡಿ, ಅದರ ಸಬ್‌ನೆಟ್ (ಅಲ್ಲಿನ ಐಪಿ ವಿಳಾಸಗಳ ಗುಂಪು) ಸೇರಿಸಿ, ಹುಬ್ಬಳ್ಳಿ ಸರ್ವರಿನ ನಮೂದನ್ನು ಆ ಸೈಟಿಗೆ ಸರಿಸಿ. ಎರಡು ಸೈಟ್‌ಗಳ ನಡುವಿನ ಸೈಟ್ ಲಿಂಕಿನಲ್ಲಿ ರೆಪ್ಲಿಕೇಶನ್ ಅಂತರ ತಾನಾಗಿ 180 ನಿಮಿಷ ಇರುತ್ತದೆ, ಹಗಲು ರಾತ್ರಿ ಎನ್ನದೆ. ಶೆಡ್ಯೂಲಿನಲ್ಲಿ ರೆಪ್ಲಿಕೇಶನ್ನನ್ನು ರಾತ್ರಿಯ ಕಡಿಮೆ ದರದ ಹೊತ್ತಿಗೆ ಮಾತ್ರ ಬಿಡಿ. ಬೆಂಗಳೂರಿನಲ್ಲಿ ಹೊಸ ಯೂಸರ್ ಮಾಡಿದರೆ ಹುಬ್ಬಳ್ಳಿಗೆ ಮಾರನೆಯ ದಿನ ಗೊತ್ತಾಗುತ್ತದೆ; ತುರ್ತಿದ್ದರೆ ಕೈಯಿಂದಲೇ ರೆಪ್ಲಿಕೇಟ್ ಮಾಡಿ.

ಮಲ್ಟಿಲಿಂಕ್ (ಎರಡು ಚಾನೆಲ್ ಒಟ್ಟಿಗೆ ಬಳಸುವುದು) ಆನ್ ಇದೆಯೇ? 64 ಕೆಬಿಪಿಎಸ್‌ನ ಎರಡೂ ಚಾನೆಲ್ ಎದ್ದರೆ ಎರಡು ಕಾಲ್‌ಗೆ ದುಡ್ಡು. ನಿಮ್ಮ ಫೈಲಿಗೆ ಒಂದೇ ಧಾರಾಳವಾಯಿತು.

ಪ್ರಶ್ನೆ: ಸೈಟ್ ಬೇರೆ ಮಾಡಿದೆ ಸರ್, ಮಲ್ಟಿಲಿಂಕ್ ತೆಗೆದೆ. ಭಾನುವಾರ ಶಾಂತ. ಆದರೆ ಬೆಳಿಗ್ಗೆ ಪಿಸಿಗಳು ಆನ್ ಆದ ಕೂಡಲೇ ಡಯಲ್ ಶುರು.

ಉತ್ತರ: ಪಿಸಿಗಳಲ್ಲಿ ಡಿಎನ್‌ಎಸ್ (ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಸೇವೆ) ವಿಳಾಸ ಬೆಂಗಳೂರಿನದಿರಬೇಕು. ಹಾಗಿದ್ದರೆ ಪಕ್ಕದ ಪ್ರಿಂಟರಿನ ಹೆಸರು ಕೇಳಲಿಕ್ಕೂ ಎಸ್‌ಟಿಡಿ ಕಾಲ್! ಹುಬ್ಬಳ್ಳಿ ಸರ್ವರಿನಲ್ಲೇ ಡಿಎನ್‌ಎಸ್ ಹಾಕಿ, ಪಿಸಿಗಳಿಗೆ ಅದನ್ನೇ ಕೊಡಿ. ಆಮೇಲೆ ಹೆಡ್ ಆಫೀಸಿನ ಮ್ಯಾಪ್ ಮಾಡಿದ ಡ್ರೈವ್‌ಗಳನ್ನು ತೆಗೆಸಿ, ಔಟ್‌ಲುಕ್ ನಿಮಿಷ ನಿಮಿಷಕ್ಕೂ ಮೇಲ್ ನೋಡುವುದನ್ನು ನಿಲ್ಲಿಸಿ.

ಇಷ್ಟಾದರೂ ಡಯಲ್ ಆದರೆ ನೆಟ್‌ವರ್ಕ್ ಮಾನಿಟರ್ (ನೆಟ್‌ವರ್ಕಿನಲ್ಲಿ ಏನು ಓಡುತ್ತಿದೆ ಎಂದು ತೋರಿಸುವ ಪ್ರೋಗ್ರಾಂ) ಓಡಿಸಿ, ಡಯಲ್‌ಗೆ ತುಸು ಮುಂಚೆ ಹೊರಟ ಪ್ಯಾಕೆಟ್ (ಡೇಟಾ ತುಣುಕು) ಹಿಡಿಯಿರಿ. ನೆಟ್‌ಬಯಾಸ್‌ (ವಿಂಡೋಸ್ ಪಿಸಿಗಳು ಒಂದನ್ನೊಂದು ಹುಡುಕುವ ಹಳೇ ವಿಧಾನ) ಬಳಸುವ 137, 138 ಪೋರ್ಟ್ ಕಂಡರೆ ಡಿಮಾಂಡ್ ಡಯಲ್ ಫಿಲ್ಟರಿನಲ್ಲಿ (ಯಾವುದಕ್ಕೆ ಡಯಲ್ ಆಗಬಾರದು ಎಂಬ ಪಟ್ಟಿ) ಮುಚ್ಚಿ. ಆ ಫಿಲ್ಟರ್ ತಡೆಯುವುದು ಡಯಲ್ ಮಾಡುವುದನ್ನು ಮಾತ್ರ; ಲೈನು ಎದ್ದ ಮೇಲೆ ಅದೇ ಹರಟೆ ಒಳನುಗ್ಗಿ ಲೈನು ಬಿಡಲಿಕ್ಕೆ ಬಿಡುವುದಿಲ್ಲ. ಹಾಗಾಗಿ ಸಾಮಾನ್ಯ ಪ್ಯಾಕೆಟ್ ಫಿಲ್ಟರಿನಲ್ಲೂ ಅದನ್ನೇ ಹಾಕಿ. ರಿಪ್ (ಪ್ಯಾಕೆಟ್ ಹೋಗುವ ದಾರಿಯನ್ನು ರೂಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳುವುದು) ಓಡುತ್ತಿದ್ದರೆ ತೆಗೆದು ಸ್ಟಾಟಿಕ್ ರೂಟ್ (ಕೈಯಿಂದ ಬರೆದ ಖಾಯಂ ದಾರಿ) ಕೊಡಿ. ಎರಡೇ ಆಫೀಸಿಗೆ 30 ಸೆಕೆಂಡಿಗೊಮ್ಮೆ ದಾರಿ ಹೇಳುವುದು ಯಾಕೆ?

ಇನ್ನೊಬ್ಬರು: ನಮ್ಮಲ್ಲಿ ಸಿಸ್ಕೋ ರೂಟರ್, ಇದೇ ಗೋಳು.

ಉತ್ತರ: ನಿಮ್ಮದು ಸುಲಭ. ಲೈನು ಎದ್ದಿರುವಾಗ 'ಶೋ ಡಯಲರ್' ಕೊಡಿ, ಯಾವ ವಿಳಾಸದಿಂದ ಯಾವುದಕ್ಕೆ ಹೋದ ಪ್ಯಾಕೆಟ್ ಡಯಲ್ ಮಾಡಿಸಿತೆಂದು ಅದೇ ಹೇಳುತ್ತದೆ. ಡಯಲರ್ ಲಿಸ್ಟಿನಲ್ಲಿ (ಯಾವುದು ಬಂದರೆ ಡಯಲ್ ಮಾಡಬೇಕು ಎಂಬ ಪಟ್ಟಿ) ಇಡೀ ಐಪಿಗೆ ಪರ್ಮಿಟ್ ಕೊಟ್ಟಿದ್ದರೆ ಕಿತ್ತು, ಬೇಕಾದ್ದಕ್ಕೆ ಮಾತ್ರ ಕೊಡಿ. ಸಿಸ್ಕೋದಲ್ಲಿ 120 ಸೆಕೆಂಡಿನ ಐಡಲ್ ಟೈಮರ್ ಎಣಿಸುವುದೂ ಆ ಲಿಸ್ಟಿನಲ್ಲಿದ್ದದ್ದನ್ನಷ್ಟೇ.